ನಡುಹಗಲಿನ ಶತ್ರು: ಕ್ರೈಸ್ತ ಪ್ರಾರ್ಥನೆಯಲ್ಲಿ ಏಕಾಗ್ರತೆಯ ಇತಿಹಾಸ

ಪ್ರಾರ್ಥನೆಗೆ ನಿಂತ ಮನಸ್ಸು ಅಲ್ಲಿ ನಿಲ್ಲದೆ ಬೇರೆಡೆಗೆ ಹರಿಯುವುದು ಎಲ್ಲ ಧರ್ಮಗಳ ಸಾಧಕರಿಗೂ ಗೊತ್ತಿರುವ ತೊಡಕೇ ಆದರೂ, ಕ್ರೈಸ್ತ ಪರಂಪರೆಯಲ್ಲಿ ಅದನ್ನು ಒಂದು ಪ್ರತ್ಯೇಕ ಸಮಸ್ಯೆಯೆಂದು ಗುರುತಿಸಿ, ಅದರ ಬಗೆಗಳನ್ನು ವಿಂಗಡಿಸಿ, ಒಂದೊಂದಕ್ಕೂ ಮದ್ದು ಹುಡುಕುವ ಕೆಲಸ ವ್ಯವಸ್ಥಿತವಾಗಿ ನಡೆದದ್ದು ಕ್ರಿ.ಶ. 4ನೆಯ ಶತಮಾನದ ಈಜಿಪ್ಟಿನಲ್ಲಿ, ನೈಲ್ ಕಣಿವೆಯ ಅಂಚಿನ ಮರಳುಗಾಡುಗಳಲ್ಲಿ. 313ರ ನಂತರ ರೋಮನ್ ಸಾಮ್ರಾಜ್ಯದಲ್ಲಿ ಕ್ರೈಸ್ತರ ಮೇಲಿನ ಹಿಂಸೆ ನಿಂತು, ಹೊಸ ಧರ್ಮಕ್ಕೆ ಅರಮನೆಯ ಆಶ್ರಯ ದೊರೆತ ಮೇಲೆ, ವಿಶ್ವಾಸಕ್ಕೆ ಒದಗಬಹುದಾದ ಅಪಾಯ ಸೆರೆಮನೆಯದಲ್ಲ, ಆಸ್ತಿ, ಬಂಧುಬಳಗ, ಅಧಿಕಾರ ಮತ್ತು ಮಾತುಗಳದು ಎಂಬ ಭಾವನೆ ಹಲವರಲ್ಲಿ ಬಲಗೊಂಡಿತು. ಊರನ್ನು ಬಿಟ್ಟರೆ ಊರಿನ ಗದ್ದಲವೂ ಬಿಟ್ಟುಹೋಗುತ್ತದೆಂಬ ನಿರೀಕ್ಷೆಯಿಂದ ಅವರು ಮರಳುಗಾಡಿಗೆ ಹೋದರು. ಆ ನಿರೀಕ್ಷೆ ಹುಸಿಯಾಯಿತು. ಅದು ಹುಸಿಯಾದ ಬಗೆಯನ್ನು ಅವರು ಮುಚ್ಚಿಡದೆ ದಾಖಲಿಸಿದ್ದರಿಂದಲೇ ಈ ಇತಿಹಾಸವನ್ನು ಬರೆಯುವುದು ಸಾಧ್ಯವಾಗಿದೆ.

ಮರಳುಗಾಡಿನ ಪಿತೃಗಳೆಂದು ಕರೆಸಿಕೊಂಡ ಈ ಸಂನ್ಯಾಸಿಗಳ ಸಾಲಿನಲ್ಲಿ ಮೊದಲ ಹೆಸರು ಸಂತ ಅಂತೋಣಿಯದು. ಸುಮಾರು 251ರಲ್ಲಿ ಹುಟ್ಟಿ 356ರಲ್ಲಿ ತೀರಿಕೊಂಡ ಅಂತೋಣಿಯ ಚರಿತ್ರೆಯನ್ನು ಅಲೆಕ್ಸಾಂಡ್ರಿಯದ ಧರ್ಮಾಧ್ಯಕ್ಷ ಅಥನಾಸಿಯುಸ್ ಬರೆದು, ಅದು ಬಹುಬೇಗ ಲ್ಯಾಟಿನ್ ಭಾಷೆಗೂ ಹೋಗಿ, ಪಶ್ಚಿಮ ಯೂರೋಪಿನವರೆಗೆ ಹಬ್ಬಿತು. ಆ ಚರಿತ್ರೆಯ ಅಂತೋಣಿ ದೆವ್ವಗಳೊಡನೆ ಸೆಣಸುವ ವೀರ. ಆದರೆ ಪಿತೃಗಳ ನುಡಿಗಳ ಸಂಗ್ರಹದಲ್ಲಿ ಅವನ ಹೆಸರಿನ ಕೆಳಗೆ ಮೊದಲಿಗೆ ಸಿಗುವ ಪ್ರಸಂಗ ಬೇರೆಯೇ ಬಗೆಯದು: ಬೇಸರದಿಂದ ಕಂಗೆಟ್ಟು ದಾರಿ ಕಾಣದಾದ ಅಂತೋಣಿಗೆ ತನ್ನಂತೆಯೇ ಇರುವ ಒಬ್ಬ ವ್ಯಕ್ತಿ ಕುಳಿತು ಹಗ್ಗ ಹೊಸೆಯುವುದೂ, ಎದ್ದು ಪ್ರಾರ್ಥಿಸುವುದೂ, ಮತ್ತೆ ಕುಳಿತು ಹೊಸೆಯುವುದೂ ಕಾಣಿಸುತ್ತದೆ, ಅವನು ದೇವದೂತನೆಂದು ಆಮೇಲೆ ತಿಳಿಯುತ್ತದೆ. ಕೈಗೆ ಕೆಲಸ, ನಡುನಡುವೆ ಪ್ರಾರ್ಥನೆ, ಮತ್ತೆ ಕೆಲಸ ಎಂಬ ಈ ಲಯ ಮುಂದಿನ ಹದಿನಾರು ಶತಮಾನಗಳ ಮಠಜೀವನದ ಅಡಿಗಲ್ಲಾಯಿತು.

ಅಲೆಕ್ಸಾಂಡ್ರಿಯದ ದಕ್ಷಿಣಕ್ಕಿದ್ದ ನಿತ್ರಿಯ ಎಂಬ ನೆಲೆಯನ್ನು ಸುಮಾರು 330ರಲ್ಲಿ ಅಮೋನ್ ಎಂಬಾತ ಸ್ಥಾಪಿಸಿದನು. ಆ ಶತಮಾನದ ಕೊನೆಗೆ ಅಲ್ಲಿ ಸುಮಾರು 5000 ಮಂದಿ ಇದ್ದರೆಂದೂ, ಅವರಿಗಾಗಿ ಏಳು ರೊಟ್ಟಿಯ ಭಟ್ಟಿಗಳಿದ್ದುವೆಂದೂ ಅಲ್ಲಿ ವಾಸವಾಗಿದ್ದ ಪಲ್ಲಾಡಿಯುಸ್ ಬರೆದಿದ್ದಾನೆ. ಸಂಖ್ಯೆಯಲ್ಲಿ ಉತ್ಪ್ರೇಕ್ಷೆ ಇರಬಹುದು. ಆದರೂ ಏಕಾಂತಕ್ಕೆಂದು ಹೋದವರು ಅಲ್ಲೊಂದು ಊರನ್ನೇ ಕಟ್ಟಿಕೊಂಡರೆಂಬುದು ಸ್ಪಷ್ಟ. ಅತಿಥಿಗೃಹದಲ್ಲಿ ಉಳಿದವರಿಗೆ ಒಂದು ವಾರ ಸುಮ್ಮನಿರಲು ಬಿಟ್ಟು, ಆಮೇಲೆ ತೋಟದಲ್ಲೋ ಭಟ್ಟಿಯಲ್ಲೋ ಅಡುಗೆಮನೆಯಲ್ಲೋ ದುಡಿಸುತ್ತಿದ್ದರು; ಓದುಬಲ್ಲ ಗಣ್ಯರಿಗೆ ಪುಸ್ತಕ ಕೊಟ್ಟು, ಮಧ್ಯಾಹ್ನದವರೆಗೆ ಯಾರೊಡನೆಯೂ ಮಾತನಾಡಬಾರದೆಂದು ಕಟ್ಟು ಮಾಡುತ್ತಿದ್ದರು. ಈ ಜನಜಂಗುಳಿಯಿಂದ ಬೇಸತ್ತವರಿಗಾಗಿ ಅಮೋನ್ ಮತ್ತು ಅಂತೋಣಿ ಸೇರಿ, ಮಧ್ಯಾಹ್ನ ಮೂರರ ಊಟ ಮುಗಿಸಿ ಸೂರ್ಯಾಸ್ತದವರೆಗೆ ನಡೆದು, ನಿಂತ ಸ್ಥಳದಲ್ಲಿ ಶಿಲುಬೆ ನೆಟ್ಟು, ಹೊಸ ನೆಲೆಯನ್ನು ಗುರುತಿಸಿದರೆಂದು ಪರಂಪರೆ ಹೇಳುತ್ತದೆ. ಅದರ ಕಾಲವನ್ನು 338 ಎಂದು ಎಣಿಸಲಾಗಿದೆ. ಕೋಣೆಗಳು ಎಂಬ ಅರ್ಥದ ಕೆಲ್ಲಿಯ ಎಂಬ ಹೆಸರಿನ ಈ ನೆಲೆಯಲ್ಲಿ, ಒಬ್ಬರ ಮುಖ ಇನ್ನೊಬ್ಬರಿಗೆ ಕಾಣದಷ್ಟು, ಒಬ್ಬರ ದನಿ ಇನ್ನೊಬ್ಬರಿಗೆ ಕೇಳದಷ್ಟು ದೂರದಲ್ಲಿ ಗುಡಿಸಲುಗಳಿದ್ದುವು; ಶನಿವಾರ ಮತ್ತು ಭಾನುವಾರ ಮಾತ್ರ ಎಲ್ಲರೂ ದೇವಾಲಯದಲ್ಲಿ ಸೇರಿ ಬಲಿಪೂಜೆಯಲ್ಲಿ ಭಾಗಿಗಳಾಗುತ್ತಿದ್ದರು.

ಹೊರಗಿನ ಗದ್ದಲವನ್ನು ಮನುಷ್ಯಯತ್ನದಿಂದ ಎಷ್ಟು ಕಡಿಮೆ ಮಾಡಬಹುದೋ ಅಷ್ಟನ್ನೂ ಮಾಡಿ ನೋಡಿದ ಪ್ರಯೋಗಶಾಲೆಯೆಂದರೆ ಈ ಕೆಲ್ಲಿಯ. ಹಾಗೆ ಮಾಡಿದ ಮೇಲೂ ಉಳಿದುಕೊಂಡದ್ದೇನು ಎಂಬುದನ್ನು ಎಲ್ಲರಿಗಿಂತ ಸೂಕ್ಷ್ಮವಾಗಿ ಬರೆದವನು ಇವಾಗ್ರಿಯುಸ್. ಕಪ್ಪು ಸಮುದ್ರದ ದಂಡೆಯ ಪೊಂತುಸ್ ಪ್ರಾಂತದಲ್ಲಿ ಸುಮಾರು 345ರಲ್ಲಿ ಹುಟ್ಟಿದ ಈತ, ಕಾನ್‌ಸ್ಟಾಂಟಿನೋಪಲ್ ರಾಜಧಾನಿಯಲ್ಲಿ ಧರ್ಮಸಭೆಯ ಸೇವಕನಾಗಿ, ವಾಗ್ಮಿಯಾಗಿ ಹೆಸರು ಮಾಡಿ, ಉನ್ನತಾಧಿಕಾರಿಯೊಬ್ಬನ ಪತ್ನಿಯಲ್ಲಿ ಅನುರಕ್ತನಾಗಿ, ಆ ಸಂಕಟದಿಂದ ಜೆರುಸಲೇಮಿಗೆ ಓಡಿಹೋಗಿ, ಅಲ್ಲಿ ಮೆಲಾನಿಯ ಎಂಬ ತಪಸ್ವಿನಿಯ ಮಾತಿಗೆ ಒಪ್ಪಿ ಈಜಿಪ್ಟಿಗೆ ಬಂದನು. ಸುಮಾರು 383ರಿಂದ ಎರಡು ವರ್ಷ ನಿತ್ರಿಯದಲ್ಲಿ, ಆಮೇಲೆ 399ರಲ್ಲಿ ಸಾಯುವವರೆಗೆ ಕೆಲ್ಲಿಯದಲ್ಲಿ, ಪುಸ್ತಕಗಳ ಪ್ರತಿ ಮಾಡಿ ಹೊಟ್ಟೆ ಹೊರೆಯುತ್ತ ಬದುಕಿದನು. ನಗರದ ಪ್ರಲೋಭನೆಗಳನ್ನೂ ಮರಳುಗಾಡಿನ ಶೂನ್ಯವನ್ನೂ ಸಮಾನವಾಗಿ ಬಲ್ಲವನಾದ್ದರಿಂದ ಅವನ ಬರವಣಿಗೆಗೆ ಉಪದೇಶಕರಲ್ಲಿ ಅಪರೂಪವಾದ ನಿಖರತೆ ಇದೆ.

ಮನಸ್ಸನ್ನು ದೇವರಿಂದ ಸೆಳೆದೊಯ್ಯುವ ಸಂಗತಿಗಳನ್ನು ಇವಾಗ್ರಿಯುಸ್ ಲೊಗಿಸ್ಮೊಯ್ ಎಂದು ಕರೆದನು. ಗ್ರೀಕ್ ಭಾಷೆಯ ಈ ಪದಕ್ಕೆ ಆಲೋಚನೆಗಳು ಎಂಬುದು ಸಾಮಾನ್ಯ ಅರ್ಥವಾದರೂ, ಅವನ ಬಳಕೆಯಲ್ಲಿ ಅದು ಕರೆಯದೆ ಬಂದು ಮನೆಮಾಡಿಕೊಳ್ಳುವ ಆಲೋಚನೆಯನ್ನು ಸೂಚಿಸುತ್ತದೆ. ಹೊಟ್ಟೆಬಾಕತನ, ಕಾಮ, ಧನಲೋಭ, ದುಃಖ, ಕೋಪ, ಅಕೇಡಿಯ, ಕೀರ್ತಿಯ ಹಂಬಲ, ಗರ್ವ ಎಂದು ಅವುಗಳನ್ನು ಎಂಟಾಗಿ ವಿಂಗಡಿಸಿ, ಅವು ಬರುವುದು ಬಿಡುವುದು ಮನುಷ್ಯನ ವಶದಲ್ಲಿಲ್ಲ, ಬಂದವು ತಂಗುವುದು ಬಿಡುವುದು ಮಾತ್ರ ಅವನ ವಶದಲ್ಲಿದೆ ಎಂದು ಅವನು ತೀರ್ಮಾನಿಸಿದನು. ಈ ವಿವೇಚನೆಗೆ ಇತಿಹಾಸದಲ್ಲಿ ದೊಡ್ಡ ಸ್ಥಾನವಿದೆ, ಏಕೆಂದರೆ ಮನಸ್ಸು ಅಲೆದಾಡಿದ್ದೇ ಪಾಪವೆಂಬ ಭಯದಿಂದ ಅದು ಸಾಧಕನನ್ನು ಬಿಡಿಸಿತು. ಯಾವ ಆಲೋಚನೆ ಯಾವ ಹೊತ್ತಿಗೆ ಬರುತ್ತದೆ, ಯಾವುದರ ಹಿಂದೆ ಯಾವುದು ಬರುತ್ತದೆ, ಯಾವುದು ಬೇಗ ಹೋಗುತ್ತದೆ ಎಂದು ಗಮನಿಸಿ ನೆನಪಿಡಬೇಕೆಂಬ ಅವನ ಸಲಹೆಯಲ್ಲಿ ಉಪದೇಶಕನಿಗಿಂತ ವೈದ್ಯನ ದನಿಯೇ ಹೆಚ್ಚು ಕೇಳಿಸುತ್ತದೆ.

ಎಂಟರಲ್ಲಿ ಅತ್ಯಂತ ಭಾರವಾದದ್ದು ಅಕೇಡಿಯ. ಆಸ್ಥೆ ಬತ್ತಿಹೋಗಿ, ಇರುವ ಜಾಗವೂ ಮಾಡುವ ಕೆಲಸವೂ ಹೇಸಿಗೆಯೆನಿಸುವ ಈ ಸ್ಥಿತಿಯನ್ನು ಅವನು ಕೀರ್ತನೆಗಳ ಗ್ರಂಥದ ಒಂದು ಮಾತನ್ನು ಅನುಸರಿಸಿ ನಡುಹಗಲಿನ ದೆವ್ವವೆಂದು ಕರೆದನು. ಬೆಳಗಿನ ಹತ್ತರಿಂದ ಮಧ್ಯಾಹ್ನ ಎರಡರವರೆಗೆ ಅದರ ಹಾವಳಿ. ಸೂರ್ಯ ಚಲಿಸುತ್ತಲೇ ಇಲ್ಲವೆಂದು ತೋರುತ್ತದೆ. ಸಂನ್ಯಾಸಿ ಮತ್ತೆ ಮತ್ತೆ ಕಿಟಕಿಯತ್ತ ನೋಡುತ್ತಾನೆ. ಊಟದ ಹೊತ್ತಿಗೆ ಇನ್ನೆಷ್ಟಿದೆಯೆಂದು ಹೊರಗೆ ಬಂದು ಬಿಸಿಲನ್ನು ಅಳೆಯುತ್ತಾನೆ. ಯಾರಾದರೂ ಬರುತ್ತಿದ್ದಾರೆಯೇ ಎಂದು ದಾರಿ ಕಾಯುತ್ತಾನೆ. ಸೋದರರಲ್ಲಿ ಪ್ರೀತಿಯೇ ಉಳಿದಿಲ್ಲವೆಂದು ಮರುಗುತ್ತಾನೆ. ದೇವರನ್ನು ಎಲ್ಲಿಯಾದರೂ ಪೂಜಿಸಬಹುದಾದ್ದರಿಂದ ಇನ್ನೂ ಅನುಕೂಲವಾದ ಜಾಗಕ್ಕೆ ಹೋಗಬಾರದೇಕೆ ಎಂದು ತನಗೆ ತಾನೇ ವಾದ ಹೂಡುತ್ತಾನೆ. ಕೊನೆಯ ಈ ವಾದ ದೇವರ ಹೆಸರಿನಲ್ಲಿಯೇ ಬರುತ್ತದೆಂಬುದನ್ನು ಗಮನಿಸಿದ್ದು ಇವಾಗ್ರಿಯುಸನ ಹೆಚ್ಚುಗಾರಿಕೆ. ಕೋಣೆಯನ್ನು ಬಿಡದಿರುವುದೇ ಇದಕ್ಕೆ ಅವನು ಸೂಚಿಸಿದ ಮುಖ್ಯ ಮದ್ದು. ಅದರ ಜೊತೆಗೆ, ಎಂಟು ಬಗೆಯ ಆಲೋಚನೆಗಳಿಗೆ ಎಂಟು ಭಾಗಗಳಲ್ಲಿ ಬೈಬಲಿನ ವಚನಗಳನ್ನು ಆರಿಸಿ ಜೋಡಿಸಿದ ಮಾರುತ್ತರದ ಪುಸ್ತಕವೊಂದನ್ನೂ ಅವನು ರಚಿಸಿದನು. ಆಲೋಚನೆ ಬಂದೊಡನೆ ಅದಕ್ಕೆ ತಕ್ಕ ವಚನವನ್ನು ಎದುರಿಗೆ ಹೇಳುವುದು ಅದರ ಕ್ರಮ.

ಕೈಕಸುಬನ್ನು ಈ ಸಂನ್ಯಾಸಿಗಳು ಹೊಟ್ಟೆಪಾಡಿಗಿಂತ ಹೆಚ್ಚಾಗಿ ಗಮನದ ಲಂಗರಾಗಿಯೇ ಕಂಡರು. ಖರ್ಜೂರದ ಗರಿಗಳನ್ನು ನೀರಿನಲ್ಲಿ ನೆನೆಸಿ, ಹಗ್ಗ ಹೊಸೆದು, ಬುಟ್ಟಿ ಚಾಪೆ ಹೆಣೆಯುತ್ತ, ಬಾಯಲ್ಲಿ ಕಂಠಪಾಠದ ವಚನಗಳನ್ನು ಮೆಲುದನಿಯಲ್ಲಿ ಗುನುಗುವುದು ಅವರ ದಿನಚರಿಯಾಗಿತ್ತು. ಪೇಟೆಯಿಂದ ಏಳು ದಿನಗಳ ದಾರಿಯಷ್ಟು ದೂರವಿದ್ದ ಪೌಲನೆಂಬ ವೃದ್ಧನು, ಮಾರಲು ಅನುಕೂಲವಿಲ್ಲದಿದ್ದರೂ ವರ್ಷವಿಡೀ ಗರಿಗಳನ್ನು ಕೂಡಿಸಿ ನೇಮದಿಂದ ದುಡಿದು, ವರ್ಷದ ಕೊನೆಗೆ ಗುಹೆ ತುಂಬಿದ ಅದೆಲ್ಲವನ್ನೂ ಸುಟ್ಟುಹಾಕಿ ಮತ್ತೆ ಮೊದಲಿನಿಂದ ಆರಂಭಿಸುತ್ತಿದ್ದನೆಂದು ದಾಖಲೆಯಿದೆ. ಲೌಕಿಕ ದೃಷ್ಟಿಗೆ ಇದು ಹುಚ್ಚಾಟವೆನಿಸಿದರೆ ಆಶ್ಚರ್ಯವಿಲ್ಲ.

ಈ ಘಟನೆಯನ್ನು ಬರೆದಿಟ್ಟ ಜಾನ್ ಕಾಸಿಯನ್ ಎಂಬಾತನೇ ಈಜಿಪ್ಟಿನ ಅನುಭವವನ್ನು ಪಶ್ಚಿಮಕ್ಕೆ ಹೊತ್ತೊಯ್ದವನು. ಜೆರ್ಮಾನುಸ್ ಎಂಬ ಗೆಳೆಯನೊಡನೆ ಬೆತ್ಲೆಹೇಮಿನ ಮಠವನ್ನು ಬಿಟ್ಟು, ಈಜಿಪ್ಟಿನಲ್ಲಿ ಹಲವು ವರ್ಷ ಸುತ್ತಾಡಿ, 399ರ ಸುಮಾರಿಗೆ ಅಲೆಕ್ಸಾಂಡ್ರಿಯದ ಧರ್ಮಾಧ್ಯಕ್ಷ ಥಿಯೋಫಿಲುಸ್ ಇವಾಗ್ರಿಯುಸನ ಬಳಗದ ಮೇಲೆ ತಿರುಗಿಬಿದ್ದಾಗ ಅಲ್ಲಿಂದ ಹೊರಟು, ಸುಮಾರು 415ರ ಹೊತ್ತಿಗೆ ಇಂದಿನ ಫ್ರಾನ್ಸಿನ ಮಾರ್ಸೇಯ್ ನಗರದಲ್ಲಿ ನೆಲೆಸಿದನು. ಅಲ್ಲಿ ಅವನು ಲ್ಯಾಟಿನ್ ಭಾಷೆಯಲ್ಲಿ ಬರೆದ ಇಪ್ಪತ್ತನಾಲ್ಕು ಸಂವಾದಗಳಲ್ಲಿ ಇಬ್ಬರು ಗೆಳೆಯರೂ ಮರಳುಗಾಡಿನ ಹಿರಿಯರನ್ನು ಪ್ರಶ್ನಿಸುತ್ತಾರೆ. ಮೊದಲ ಸಂವಾದದಲ್ಲಿ ಅಬ್ಬಾ ಮೋಸೆ, ಅಂದರೆ ಮೋಸೆ ಎಂಬ ಹಿರಿಯ ತಂದೆ, ಮನಸ್ಸನ್ನು ನೀರಿನಿಂದ ತಿರುಗುವ ಬೀಸುಕಲ್ಲಿಗೆ ಹೋಲಿಸುತ್ತಾನೆ: ನೀರು ಹರಿಯುವವರೆಗೆ ಕಲ್ಲು ತಿರುಗದೆ ಇರಲಾರದು, ಆದರೆ ಅದಕ್ಕೆ ಗೋಧಿ ಹಾಕಬೇಕೋ ಕಳೆಯ ಬೀಜ ಹಾಕಬೇಕೋ ಎಂಬುದು ಗಿರಣಿಯವನ ಕೈಯಲ್ಲಿದೆ. ಮನಸ್ಸನ್ನು ಬರಿದು ಮಾಡುವುದಲ್ಲ, ಅದಕ್ಕೆ ತಕ್ಕ ಆಹಾರ ಕೊಡುವುದು ಈ ಪರಂಪರೆಯ ಉದ್ದೇಶವೆಂಬುದು ಈ ಹೋಲಿಕೆಯಿಂದ ತಿಳಿಯುತ್ತದೆ.

ಸಂವಾದಗಳಲ್ಲಿ ಅತ್ಯಂತ ಪ್ರಾಮಾಣಿಕವಾದ ಮಾತು ಹತ್ತನೆಯದರಲ್ಲಿ ಜೆರ್ಮಾನುಸನ ಬಾಯಲ್ಲಿ ಬರುತ್ತದೆ. ಲೌಕಿಕ ಚಿಂತೆಗಳಿಂದಲ್ಲ, ಬೈಬಲಿನಿಂದಲೇ ತನಗೆ ತೊಡಕಾಗುತ್ತಿದೆಯೆಂಬುದು ಅವನ ದೂರು: ಒಂದು ಕೀರ್ತನೆಯ ಸಾಲನ್ನು ಹಿಡಿದರೆ ಅದು ಇನ್ನೊಂದು ವಚನವನ್ನು ನೆನಪಿಸುತ್ತದೆ, ಅದು ಮತ್ತೊಂದನ್ನು, ಹೀಗೆ ಗ್ರಂಥದಿಂದ ಗ್ರಂಥಕ್ಕೆ ಅಲೆದು ಯಾವುದರಲ್ಲಿಯೂ ಬೇರೂರದೆ ಪ್ರಾರ್ಥನೆ ಮುಗಿದುಹೋಗುತ್ತದೆ. ಪವಿತ್ರವಾದದ್ದೇ ಪವಿತ್ರವಾದದ್ದರಿಂದ ಮನಸ್ಸನ್ನು ಸೆಳೆದೊಯ್ಯಬಲ್ಲದೆಂಬ ಈ ಅರಿವು ಪಾಪದ ಪಟ್ಟಿಗಳಿಗಿಂತ ಆಳವಾದದ್ದು. ಅದಕ್ಕೆ ಅಬ್ಬಾ ಇಸಾಕ್ ಸೂಚಿಸುವ ಪರಿಹಾರವೆಂದರೆ, 70ನೆಯ ಕೀರ್ತನೆಯ ಆರಂಭದಲ್ಲಿ ದೇವರ ಸಹಾಯವನ್ನು ಬೇಡುವ ಒಂದೇ ವಚನವನ್ನು ಉಣ್ಣುವಾಗ, ಕೆಲಸ ಮಾಡುವಾಗ, ನಿದ್ದೆ ಹೋಗುವಾಗಲೂ ಬಿಡದೆ ಆವರ್ತಿಸುವುದು. ರೋಮನ್ ಕಥೋಲಿಕ ಧರ್ಮಸಭೆಯ ನಿತ್ಯದ ವೇಳೆಪ್ರಾರ್ಥನೆಗಳು ಇಂದಿಗೂ ಆ ವಚನದಿಂದಲೇ ಆರಂಭವಾಗುತ್ತವೆ.

ಇದೇ ಕಾಲದ ಸಿರಿಯಾದಲ್ಲಿ ಬೇರೆಯೇ ಹಾದಿಯೊಂದು ಕಾಣಿಸಿಕೊಂಡಿತು. 459ರಲ್ಲಿ ತೀರಿಕೊಂಡ ಸಿಮಿಯೋನ್ ಎಂಬ ತಪಸ್ವಿ ಜನರ ಮುತ್ತಿಗೆಯಿಂದ ತಪ್ಪಿಸಿಕೊಳ್ಳಲು ಕಂಬವೇರಿ ನಿಂತು, ಆ ಕಂಬವನ್ನು ಹಂತಹಂತವಾಗಿ ಎತ್ತರಿಸಿಕೊಳ್ಳುತ್ತ ಹೋದಂತೆ, ಅದನ್ನು ನೋಡಲು ಬರುವವರ ಸಂಖ್ಯೆಯೂ ಏರುತ್ತ ಹೋಯಿತು. ಅವನು ಪ್ರಾರ್ಥನೆಯಲ್ಲಿ ಬಾಗುವುದನ್ನು ಎಣಿಸಲು ತೊಡಗಿದ ಒಬ್ಬನು 1244ರವರೆಗೆ ಎಣಿಸಿ ಸುಸ್ತಾಗಿ ಬಿಟ್ಟುಬಿಟ್ಟನೆಂದು ಧರ್ಮಾಧ್ಯಕ್ಷ ಥಿಯೊಡೊರೆಟ್ ಬರೆದಿದ್ದಾನೆ. ತಪಸ್ವಿಯ ಏಕಾಗ್ರತೆಗೂ ನೋಡುಗನ ಏಕಾಗ್ರತೆಗೂ ಇರುವ ಅಂತರಕ್ಕೆ ಇದಕ್ಕಿಂತ ಒಳ್ಳೆಯ ಅಳತೆ ಸಿಗಲಾರದು.

ಮರಳುಗಾಡಿನ ಒಂಟಿ ಹೋರಾಟವನ್ನು ಸಮುದಾಯದ ವೇಳಾಪಟ್ಟಿಯಾಗಿ ಮಾರ್ಪಡಿಸುವ ಕೆಲಸ ಈಜಿಪ್ಟಿನಲ್ಲಿಯೇ ಪಕೋಮಿಯುಸನ ಸಾಮೂಹಿಕ ಮಠಗಳಲ್ಲಿ ಮೊದಲಾಗಿತ್ತು. ಅದಕ್ಕೆ ಪಶ್ಚಿಮದಲ್ಲಿ ಶಾಶ್ವತ ರೂಪ ಕೊಟ್ಟವನು ಇಟಲಿಯ ಬೆನೆಡಿಕ್ಟ್. ಸುಮಾರು 480ರಿಂದ 547ರವರೆಗೆ ಬದುಕಿದ ಇವನು ಮಾಂಟೆ ಕಸ್ಸಿನೊ ಮಠಕ್ಕಾಗಿ ರಚಿಸಿದ 73 ಅಧ್ಯಾಯಗಳ ನಿಯಮಾವಳಿಯಲ್ಲಿ, ಹಗಲಿನಲ್ಲಿ ಏಳು ಸಲ, ರಾತ್ರಿಯಲ್ಲಿ ಒಂದು ಸಲ ಸಾಮೂಹಿಕ ಪ್ರಾರ್ಥನೆ, 150 ಕೀರ್ತನೆಗಳೂ ವಾರಕ್ಕೊಮ್ಮೆ ಪೂರ್ತಿ, ಉಳಿದ ಹೊತ್ತು ಕೈಕೆಲಸ ಮತ್ತು ಓದು ಎಂಬ ಕ್ರಮವಿದೆ. ಓದಿನ ವೇಳೆಯಲ್ಲಿ ಒಬ್ಬಿಬ್ಬರು ಹಿರಿಯರು ಮಠದಲ್ಲಿ ಸುತ್ತಾಡಿ, ಅಕೇಡಿಯಕ್ಕೆ ಸಿಕ್ಕಿ ಹರಟುತ್ತಿರುವವರು ಯಾರಾದರೂ ಇದ್ದಾರೆಯೇ ಎಂದು ನೋಡಬೇಕು; ಪ್ರಯಾಣದಿಂದ ಹಿಂದಿರುಗಿದವನು ಹೊರಗೆ ಕಂಡದ್ದು ಕೇಳಿದ್ದನ್ನು ಒಳಗೆ ಹೇಳಕೂಡದು; ಪ್ರಾರ್ಥನಾಲಯದಲ್ಲಿ ಪ್ರಾರ್ಥನೆಗೆ ಸಂಬಂಧಿಸದ ಯಾವ ವಸ್ತುವನ್ನೂ ಇಡಕೂಡದು; ಊಟದ ನಂತರ ಎಲ್ಲರೂ ಕುಳಿತು ಕಾಸಿಯನ್‌ನ ಸಂವಾದಗಳ ಓದನ್ನು ಕೇಳಬೇಕು. ಇವಾಗ್ರಿಯುಸ್ ಆಲೋಚನೆಗಳನ್ನು ಕಾಯುತ್ತಿದ್ದ ಕಡೆ ಬೆನೆಡಿಕ್ಟ್ ಹೊತ್ತನ್ನು ಕಾಯತೊಡಗಿದನು. ಸಾಮಾನ್ಯ ಶಕ್ತಿಯ ಮನುಷ್ಯರಿಗೂ ಪ್ರಾರ್ಥನೆಯ ಬದುಕು ಎಟುಕಿದ್ದು ಇದರಿಂದಾದ ಲಾಭ. ಗಂಟೆ ಬಾರಿಸಿದಾಗ ದೇಹ ಸರಿಯಾದ ಜಾಗದಲ್ಲಿದ್ದರೆ ಸಾಕೆಂಬ ತೃಪ್ತಿಗೆ ದಾರಿಯಾದದ್ದು ನಷ್ಟ. ಮುಂದೆ ಪೋಪ್ ಮಹಾ ಗ್ರೆಗೊರಿ ಎಂಟು ಆಲೋಚನೆಗಳನ್ನು ಮರುಜೋಡಿಸಿ, ಗರ್ವವನ್ನು ಬೇರಾಗಿಸಿ, ಏಳು ಮುಖ್ಯ ಪಾಪಗಳ ಪಟ್ಟಿ ಮಾಡಿದಾಗ, ಅಕೇಡಿಯ ದುಃಖದಲ್ಲಿ ಕರಗಿ, ಕಾಲಾಂತರದಲ್ಲಿ ಬರಿಯ ಸೋಮಾರಿತನವೆಂಬ ಅರ್ಥಕ್ಕೆ ಇಳಿಯಿತು. ಸೋಮಾರಿಯಲ್ಲದವನೂ, ದಿನವಿಡೀ ಓಡಾಡುತ್ತಿರುವವನೂ ಅಕೇಡಿಯಕ್ಕೆ ಸಿಕ್ಕಿರಬಹುದೆಂಬ ತಿಳಿವು ಆ ಇಳಿತದಲ್ಲಿ ಕಳೆದುಹೋಯಿತು.

ಪೂರ್ವದ ಧರ್ಮಸಭೆಗಳಲ್ಲಿ ಒಂದೇ ವಚನದ ಆವರ್ತನೆಯ ಪದ್ಧತಿ ಯೇಸುವಿನ ನಾಮವನ್ನೇ ಉಸಿರಿನೊಡನೆ ಜಪಿಸುವ ಪ್ರಾರ್ಥನೆಯಾಗಿ ಬೆಳೆದು, 14ನೆಯ ಶತಮಾನದಲ್ಲಿ ಗ್ರೀಸಿನ ಅಥೋಸ್ ಬೆಟ್ಟದ ಮಠಗಳಲ್ಲಿ ಗ್ರೆಗೊರಿ ಪಲಮಾಸ್‌ನ ಸಮರ್ಥನೆ ಪಡೆಯಿತು. ಆ ಪರಂಪರೆಯ ಬರಹಗಳನ್ನು ಕೂಡಿಸಿ 1782ರಲ್ಲಿ ವೆನಿಸ್ ನಗರದಲ್ಲಿ ಅಚ್ಚುಮಾಡಿಸಿದ ಫಿಲೊಕಾಲಿಯ ಎಂಬ ಸಂಕಲನದಲ್ಲಿ ಇವಾಗ್ರಿಯುಸನಿಗೂ ಕಾಸಿಯನ್‌ನಿಗೂ ಸ್ಥಾನವಿದೆ. 553ರ ಮಹಾಸಭೆಯ ಖಂಡನೆಗೆ ಇವಾಗ್ರಿಯುಸನ ತತ್ತ್ವಗಳು ಗುರಿಯಾದ ಮೇಲೂ, ಪ್ರಾರ್ಥನೆಯನ್ನು ಕುರಿತ ಅವನ 153 ಕಂಡಿಕೆಗಳ ಕೃತಿ ನೀಲುಸ್ ಎಂಬ ಬೇರೊಬ್ಬನ ಹೆಸರಿನಲ್ಲಿ ಉಳಿದುಬಂದಿತ್ತು.

ಮಠಗಳನ್ನೇ ನಿರಾಕರಿಸಿದ ಪ್ರೊಟೆಸ್ಟೆಂಟ್ ಸುಧಾರಣೆಯೂ ಈ ಸಮಸ್ಯೆಯಿಂದ ಪಾರಾಗಲಿಲ್ಲ. ಅದನ್ನು ಮನೆಗೂ ಅಂಗಡಿಗೂ ಸಾಗಿಸಿತು ಅಷ್ಟೆ. ಮಾರ್ಟಿನ್ ಲೂಥರ್ 1535ರಲ್ಲಿ ತನ್ನ ಕ್ಷೌರಿಕ ಪೀಟರನಿಗಾಗಿ ಪ್ರಾರ್ಥನೆಯ ಸರಳ ವಿಧಾನವನ್ನು ಕುರಿತ ಕಿರುಹೊತ್ತಗೆಯೊಂದನ್ನು ಬರೆದು, ಇನ್ನೊಂದು ಗಂಟೆ ಕಳೆಯಲಿ, ಮೊದಲು ಈ ಕೆಲಸ ಮುಗಿಯಲಿ ಎಂಬ ಆಲೋಚನೆಯೇ ಮೋಸಗಾರನೆಂದು ಎಚ್ಚರಿಸಿ, ಕತ್ತಿ ಹಿಡಿದವನು ಹರಟೆಯಲ್ಲಿ ಮೈಮರೆತರೆ ಗಿರಾಕಿಯ ಮೂಗಿಗೇ ಅಪಾಯವೆಂದು ಅವನ ಕಸುಬಿನಿಂದಲೇ ಉದಾಹರಣೆ ತೆಗೆದನು. ಅದೇ ಶತಮಾನದ ಸ್ಪೇನಿನಲ್ಲಿ ಕಾರ್ಮೆಲ್ ಸಭೆಯನ್ನು ಸುಧಾರಿಸಿದ ಆವಿಲದ ಸಂತ ತೆರೇಸಾ, ಕೆಲವು ವರ್ಷಗಳ ಕಾಲ ಧ್ಯಾನದ ಗಂಟೆ ಯಾವಾಗ ಮುಗಿಯುವುದೋ ಎಂದು ಗಡಿಯಾರದ ಸದ್ದಿಗೆ ಕಿವಿಗೊಟ್ಟು ಕೂರುತ್ತಿದ್ದುದನ್ನು ತನ್ನ ಆತ್ಮಚರಿತ್ರೆಯಲ್ಲಿ ಒಪ್ಪಿಕೊಂಡಿದ್ದಾಳೆ. ಕೆಲ್ಲಿಯದಲ್ಲಿ ಬಿಸಿಲನ್ನು ಅಳೆಯುತ್ತಿದ್ದವನಿಗೂ ಇವಳಿಗೂ ನಡುವೆ ಸಾವಿರಕ್ಕೂ ಹೆಚ್ಚು ವರ್ಷಗಳಿದ್ದರೂ ಕಾಯಿಲೆ ಒಂದೇ.

ತೆರೇಸಾಳ ಈ ಸಭೆಯ ಮೂಲಕವೇ ಏಕಾಂತಮಠದ ಕಟ್ಟುನಿಟ್ಟಿನ ಪದ್ಧತಿ ಕನ್ನಡ ನಾಡಿನ ಕರಾವಳಿಗೂ ಬಂದಿತು. ಫ್ರಾನ್ಸಿನ ಪೋ ನಗರದಿಂದ ಹೊರಟ ಕಾರ್ಮೆಲ್ ಸಂನ್ಯಾಸಿನಿಯರು, ತಮ್ಮಲ್ಲಿ ಮೂವರನ್ನು ದಾರಿಯಲ್ಲಿಯೇ ಕಳೆದುಕೊಂಡು, 1870ರಲ್ಲಿ ಮಂಗಳೂರಿನಲ್ಲಿ ಮಠ ಸ್ಥಾಪಿಸಿದರು. ಅವರಲ್ಲಿ ಒಬ್ಬಳಾಗಿದ್ದ ಗಲಿಲೇಯ ಪ್ರಾಂತದ ಮರಿಯಮ್ ಬವಾರ್ದಿ 1871ರಲ್ಲಿ ಅಲ್ಲಿಯೇ ವ್ರತ ಸ್ವೀಕರಿಸಿ, ಮರುವರ್ಷ ಹಿಂದಿರುಗಿದಳು. 2015ರಲ್ಲಿ ಅವಳನ್ನು ಸಂತಳೆಂದು ಘೋಷಿಸಲಾಯಿತು. ಬೆನೆಡಿಕ್ಟನ ನಿಯಮಾವಳಿಯನ್ನು ಪಾಲಿಸುವ ಸಂನ್ಯಾಸಿಗಳು ಬೆಂಗಳೂರಿನ ಆಸುಪಾಸಿಗೆ ಬಂದದ್ದು 20ನೆಯ ಶತಮಾನದಲ್ಲಿ. ಇಂಗ್ಲೆಂಡಿನ ಬೀಡ್ ಗ್ರಿಫಿತ್ಸ್ 1955ರಲ್ಲಿ ಭಾರತಕ್ಕೆ ಬಂದು ಮೊದಲು ನೆಲೆಸಿದ್ದು ಕೆಂಗೇರಿಯಲ್ಲಿ.

ಮೂಲಸ್ಥಾನವಾದ ಕೆಲ್ಲಿಯ ಮಾತ್ರ 9ನೆಯ ಶತಮಾನದ ಹೊತ್ತಿಗೆ ಬರಿದಾಗಿ ಮರಳಿನಲ್ಲಿ ಹೂತುಹೋಯಿತು. 1964ರಲ್ಲಿ ಫ್ರೆಂಚ್ ವಿದ್ವಾಂಸ ಆಂತ್ವಾನ್ ಗಿಯೊಮೊ ಅದರ ಜಾಗವನ್ನು ಗುರುತಿಸಿದ ಮೇಲೆ ನಡೆದ ಉತ್ಖನನಗಳಲ್ಲಿ, ಹಸಿ ಇಟ್ಟಿಗೆಯ ಗೋಡೆ, ಬಾವಿ, ಕೈತೋಟ ಮತ್ತು ಪೂರ್ವದ ಗೋಡೆಯಲ್ಲಿ ಪ್ರಾರ್ಥನೆಯ ಗೂಡು ಇರುವ ಸುಮಾರು 1500 ವಸತಿಗಳು ಪತ್ತೆಯಾದುವು. ಅಲ್ಲಿನ ಒಂದು ಕೋಣೆಯ ಗೋಡೆಯ ಮೇಲಿನ ಕಾಪ್ಟಿಕ್ ಬರಹವು, ಯೇಸುವನ್ನು ಮಾತ್ರ ಕೂಗಿದರೆ ಪಿತನಿಗೂ ಪವಿತ್ರಾತ್ಮನಿಗೂ ಪ್ರಾರ್ಥಿಸಿದಂತಾಗಲಿಲ್ಲವೆಂಬ ಸಂದೇಹವನ್ನು ದೆವ್ವ ತಂದೊಡ್ಡಿದಾಗ ಏನೆಂದು ಉತ್ತರಿಸಬೇಕೆಂಬುದನ್ನು ವಿವರಿಸುತ್ತದೆ. ದೇವತಾಶಾಸ್ತ್ರದ ಚರ್ಚೆಯೇ ಜಪವನ್ನು ಕೆಡಿಸುವ ಅನ್ಯಮನಸ್ಕತೆಯಾಗಿ ಬಂದದ್ದಕ್ಕೆ ಇದೊಂದು ಕಣ್ಣಾರೆ ಕಾಣಬಹುದಾದ ಸಾಕ್ಷಿ. ಅಷ್ಟರಲ್ಲಿ ವ್ಯವಸಾಯ ವಿಸ್ತರಿಸಿ ಆ ನೆಲದ ಬಹುಭಾಗ ಹೊಲಗಳಿಗೆ ಸೇರಿಹೋಗಿತ್ತು.

ಕೆಲ್ಲಿಯದ ದಕ್ಷಿಣಕ್ಕಿರುವ ವಾದಿ ನತ್ರೂನ್ ಕಣಿವೆಯಲ್ಲಿ, ಅಂದರೆ ಹಳೆಯ ಸ್ಕೆಟಿಸ್‌ನಲ್ಲಿ, ನಾಲ್ಕು ಕಾಪ್ಟಿಕ್ ಮಠಗಳು ಇಂದಿಗೂ ನಡೆಯುತ್ತಿವೆ. ಅವುಗಳಲ್ಲಿ ಸಂತ ಮಕಾರಿಯುಸ್ ಮಠದಲ್ಲಿ 1969ರಲ್ಲಿ ಆರು ಮಂದಿ ವೃದ್ಧರು ಮಾತ್ರ ಉಳಿದಿದ್ದಾಗ, ಮತ್ತಾ ಎಲ್ ಮೆಸ್ಕೀನ್ ಎಂಬ ಸಂನ್ಯಾಸಿ ಹನ್ನೆರಡು ಶಿಷ್ಯರೊಡನೆ ಬಂದು ಅದಕ್ಕೆ ಮರುಜೀವ ಕೊಟ್ಟನು. 2018ರ ಜುಲೈನಲ್ಲಿ ಅದೇ ಮಠದ ಅಧ್ಯಕ್ಷರ ಹತ್ಯೆ ನಡೆದ ಬೆನ್ನಿಗೆ ಕಾಪ್ಟಿಕ್ ಧರ್ಮಸಭೆ ಮಠಜೀವನವನ್ನು ಬಿಗಿಗೊಳಿಸಲು ಹನ್ನೆರಡು ನಿರ್ಣಯಗಳನ್ನು ಹೊರಡಿಸಿತು. ಎಲ್ಲ ಸಂನ್ಯಾಸಿಗಳೂ ಒಂದು ತಿಂಗಳೊಳಗೆ ತಮ್ಮ ಸಾಮಾಜಿಕ ಜಾಲತಾಣದ ಖಾತೆಗಳನ್ನು ಮುಚ್ಚಬೇಕೆಂಬುದು ಅವುಗಳಲ್ಲಿ ಒಂದು.